ಮನೆದೇವರು ಯಾವುದೆಂದು ಕೇಳುವ ನಾಡಿನಲ್ಲಿ ಮಾನವಶಾಸ್ತ್ರ

(ಆದಿಚುಂಚನಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)

 

ಈ ದತ್ತಿಯ ಕರಾರಿನಲ್ಲಿ ‘ಯುವಕರಿಗೆ ಉಪಯೋಗವಾಗುವ ವಿಷಯ’ ಎಂದು ಬರೆದಿದೆಯಂತೆ. ಪದವಿ ತರಗತಿಯಲ್ಲಿ ಮಾನವಶಾಸ್ತ್ರ ಓದುವುದರ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಇದರಿಂದ ಏನು ಉಪಯೋಗ ಎಂದು ಕೇಳಬೇಕು ಅನ್ನಿಸಿರಬೇಕು, ಮರ್ಯಾದೆಗೆ ಕೇಳಲಿಲ್ಲ. ತಂದೆತಾಯಿಗಳಿಗೆ ಆ ಸಂಕೋಚ ಇಲ್ಲ. “ಅದ್ನ ಓದುದ್ರೆ ಏನ್ ಕೆಲ್ಸ ಸಿಕ್ಕದು?” ಎಂದು ನೇರವಾಗಿಯೇ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ನಿಶ್ಚಿಂತೆಯಾಗಿ ಮಾತಾಡಬಹುದು.

ಐಎಎಸ್ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಒಂದು ಐಚ್ಛಿಕ ವಿಷಯ. ಎರಡು ಪತ್ರಿಕೆ, ಒಟ್ಟು 500 ಅಂಕ, ಕನ್ನಡದಲ್ಲೇ ಬರೆಯಬಹುದು. ಇಂಜಿನಿಯರಿಂಗ್ ಮುಗಿಸಿದ ಮಕ್ಕಳು ದೆಹಲಿಗೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ, ಕೋಚಿಂಗಿಗೆ ಹಣ ಸುರಿದು, ಇದೇ ವಿಷಯವನ್ನು ‘ಅ’ಕಾರದಿಂದ ಕಲಿಯುತ್ತಾರೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ 1945ರಲ್ಲಿ ಹುಟ್ಟಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಇಲ್ಲಿಂದ ಎರಡು ಗಂಟೆಯ ದಾರಿಯಲ್ಲಿ, ಮೈಸೂರಿನಲ್ಲೇ ಇದೆ. ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಮೈಸೂರಿನಲ್ಲಿದೆ. ವಸ್ತುಸಂಗ್ರಹಾಲಯ, ಆರೋಗ್ಯ ಯೋಜನೆ, ಸ್ವಯಂಸೇವಾ ಸಂಸ್ಥೆ, ಜನ ಯಾವ ಸೋಪು ಯಾಕೆ ಕೊಳ್ಳುತ್ತಾರೆ ಎಂದು ತಿಳಿಯಬಯಸುವ ಕಂಪನಿ, ಎಲ್ಲೆಲ್ಲಿಯೂ ಒಬ್ಬಿಬ್ಬರಿಗೆ ಕೆಲಸ ಉಂಟು. ನೂರು ಜನಕ್ಕೆ ನೂರು ಕೆಲಸ ಉಂಟೇ ಅಂದರೆ ಇಲ್ಲ. ಹಾಗೆ ನೋಡಿದರೆ ಇವತ್ತು ಯಾವ ಪದವಿಗೆ ತಾನೇ ಉಂಟು?

ನಮ್ಮ ರಾಜ್ಯದಲ್ಲಿ ಈ ವಿಷಯದ ಸ್ಥಿತಿ ಹೀಗಿದೆ. ಮೈಸೂರಿನಲ್ಲಿ, ಧಾರವಾಡದಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಪದವಿ ಮಟ್ಟದಲ್ಲಿ ಹೇಳಿಕೊಡುವ ಕಾಲೇಜುಗಳು ಕಡಿಮೆ. ಸಮಾಜಶಾಸ್ತ್ರದ ಪಠ್ಯದಲ್ಲಿ ಒಂದೆರಡು ಘಟಕ ಓದಿ, ಉಳಿದದ್ದನ್ನು ಎಂಎಗೆ ಬಂದ ಮೇಲೆ ಓದುವುದೇ ರೂಢಿ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಈ ಹಗ್ಗಜಗ್ಗಾಟದಲ್ಲಿ ಹೊಸ ವಿಷಯ ತೆರೆಯುವ ಧೈರ್ಯ ಯಾವ ಪ್ರಾಂಶುಪಾಲರಿಗೆ ಬರಬೇಕು? ಆದರೂ ಹೇಳುತ್ತೇನೆ: ಈ ವಿಷಯ ಪದವಿಯಲ್ಲೇ ಬರಬೇಕು, ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಯಂಥ ಕಡೆಯೇ ಬರಬೇಕು. ಇಪ್ಪತ್ತೆರಡು ವರ್ಷ ತುಂಬಿದ ಮೇಲೆ ಮನುಷ್ಯ ಪ್ರಶ್ನೆ ಕೇಳುವುದನ್ನು ಬಿಟ್ಟು ಅಭಿಪ್ರಾಯ ಹೇಳಲು ಶುರು ಮಾಡುತ್ತಾನೆ.

ಮಾನವಶಾಸ್ತ್ರವನ್ನು ನಾಲ್ಕು ಕವಲಾಗಿ ಹೇಳಿಕೊಡುವ ಪದ್ಧತಿ ಇದೆ. ಮನುಷ್ಯನ ಶರೀರ ಮತ್ತು ವಿಕಾಸ ಒಂದು. ಅಗೆದು ನೋಡುವ ಪುರಾತತ್ವ ಇನ್ನೊಂದು. ಭಾಷೆ ಮೂರನೆಯದು, ಸಮಾಜ ಮತ್ತು ಸಂಸ್ಕೃತಿ ನಾಲ್ಕನೆಯದು. ಯಾವುದಕ್ಕೂ ನಾವು ದೂರ ಹೋಗಬೇಕಿಲ್ಲ. ಕಾವೇರಿ ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿಯವರು ನವಶಿಲಾಯುಗದ ನೆಲೆಯನ್ನು ಅಗೆದರು. ಭಾಷೆ ಬೇಕೆಂದರೆ ಮಂಡ್ಯದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಿವಿ ತೆರೆದು ನಿಂತರಾಯಿತು. ‘ಹ’ಕಾರ ಎಲ್ಲಿ ಬಿದ್ದುಹೋಗುತ್ತದೆ, ಅಧಿಕಾರಿಯ ಮುಂದೆ ನಿಂತ ಕೂಡಲೇ ಹೇಗೆ ವಾಪಸ್ಸು ಬರುತ್ತದೆ ಎಂಬುದರ ಮೇಲೆಯೇ ಒಂದು ಪ್ರಬಂಧ ಬರೆಯಬಹುದು. ಆದರೆ ನನ್ನ ಮಾತು ನಾಲ್ಕನೆಯ ಕವಲಿನದು, ಯಾಕೆಂದರೆ ಅದರ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಕೆಲವು ನಮ್ಮ ಸೀಮೆಯ ಮೇಲೆಯೇ ಬರೆದವು. ಅವನ್ನು ನಮ್ಮ ಮಕ್ಕಳು ಓದಿಲ್ಲ ಅಷ್ಟೆ.

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅವರು ನ್ಯಾಯಾಧೀಶರು, ಆಡಳಿತಗಾರರು ಎಂದು ಎಲ್ಲರಿಗೂ ಗೊತ್ತು. ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯ ಹೊಣೆ ಹೊತ್ತು ಒಂದೊಂದು ಸಮುದಾಯದ ಮೇಲೂ ಕಿರುಹೊತ್ತಿಗೆ ತಂದವರು ಅವರೇ ಎಂಬುದು ಕಡಿಮೆ ಜನಕ್ಕೆ ಗೊತ್ತು. ಅವರ ಕಾಲಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಕೆಲಸವನ್ನು ವಿಸ್ತರಿಸಿ ನಾಲ್ಕು ಸಂಪುಟಗಳಾಗಿ 1928ರಿಂದ 1935ರೊಳಗೆ ಹೊರತಂದರು. ಅಂದರೆ ನಮ್ಮ ವಿಶ್ವವಿದ್ಯಾಲಯದ ಮೊದಲ ಕುಲಪತಿಯೇ ಒಂದು ಬಗೆಯ ಮಾನವಶಾಸ್ತ್ರಜ್ಞ.

ಅದೇ 1916ರಲ್ಲಿ ಮೈಸೂರಿನಲ್ಲಿ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದರು. ಮಹಾರಾಜಾ ಕಾಲೇಜಿನಲ್ಲಿ ಎ.ಆರ್. ವಾಡಿಯಾ ಅವರ ವಿಭಾಗದಲ್ಲಿ ಅವರು ಓದಿದ್ದು ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್. ಆಮೇಲೆ ಮುಂಬೈಗೆ, ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಅವರ ಬಳಿಗೆ ಹೋದರು. ಎಂಎ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ. ಅದು 1942ರಲ್ಲಿ ಪುಸ್ತಕವಾಯಿತು. ಇಪ್ಪತ್ತು ದಾಟಿದ ಹುಡುಗನೊಬ್ಬ ತನ್ನ ನಾಡಿನ ಮದುವೆಗಳನ್ನು ವಿಷಯವಾಗಿ ಎತ್ತಿಕೊಂಡ ಎಂಬುದು ಇವತ್ತಿನ ನನ್ನ ಮಾತಿಗೆ ಬೇಕಾದ ಸಂಗತಿ. ಮುಂದೆ ಆಕ್ಸ್‌ಫರ್ಡ್, ಕೊಡವರ ಮೇಲಿನ ಹೆಸರಾಂತ ಗ್ರಂಥ, ಬರೋಡಾ, ದೆಹಲಿ, ಬೆಂಗಳೂರು ಎಲ್ಲ ಬಂದವು. 1948ರಲ್ಲಿ ಅವರು ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಹೋಗಿ ನೆಲೆಸಿದರು. ಆಮೇಲೆ ಅದರ ಬಗ್ಗೆ ಬರೆದ ಪುಸ್ತಕದಲ್ಲಿ ಆ ಹಳ್ಳಿಯ ಹೆಸರು ರಾಂಪುರ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟು, ವಿಂಗಡಿಸಿ ಬರೆದಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದಲೇ ಅವರು ಆ ಹಳ್ಳಿಯನ್ನು ಬರೆದು 1976ರಲ್ಲಿ ಪ್ರಕಟಿಸಿದರು. ಈ ಬೆಂಕಿಯ ಕಥೆಯನ್ನು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ, ಅದು ಕೊನೆಗೆ ಬರುತ್ತದೆ.

ಎರಡನೆಯ ಹೆಸರು ಸ್ಕಾರ್ಲೆಟ್ ಎಪ್ಸ್ಟೀನ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಹಿಟ್ಲರನ ಕಾಟಕ್ಕೆ ಊರು ಬಿಟ್ಟು ಇಂಗ್ಲೆಂಡಿಗೆ ಬಂದು, ಮ್ಯಾಂಚೆಸ್ಟರಿನಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಬಳಿ ಮಾನವಶಾಸ್ತ್ರ ಕಲಿತು, 1954ರಲ್ಲಿ ಮಂಡ್ಯಕ್ಕೆ ಬಂದರು. ಆಕೆ ಆರಿಸಿಕೊಂಡದ್ದು ಎರಡು ಹಳ್ಳಿ. ಪುಸ್ತಕದಲ್ಲಿ ಅವಕ್ಕೆ ವಾಂಗಲ ಮತ್ತು ದಾಲೇನ ಎಂಬ ಹುಸಿಹೆಸರು. ಕನ್ನಂಬಾಡಿ ಕಟ್ಟೆ ಕಟ್ಟಿ, ನಾಲೆ ಹರಿದು, 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಗೆಯಾಡಿದಾಗ ಒಂದು ಊರಿಗೆ ನೀರು ಬಂತು. ಇನ್ನೊಂದು ನಾಲೆಗಿಂತ ಎತ್ತರದಲ್ಲಿತ್ತು, ನೀರು ಏರಲಿಲ್ಲ. ಯಾವ ಊರು ಹೆಚ್ಚು ಬದಲಾಗಿರಬೇಕು? ನೀರು ಬಂದದ್ದು ಎಂದು ನಾವೂ ನೀವೂ ಹೇಳುತ್ತೇವೆ. ಎಪ್ಸ್ಟೀನ್ ಕಂಡದ್ದು ಬೇರೆ. ನೀರು ಬಂದ ಊರಿನವರು ಕಬ್ಬು ಬೆಳೆದು ದುಡ್ಡು ಕಂಡರು, ಆದರೆ ಬೇಸಾಯ ಬಿಡಲಿಲ್ಲ. ಒಡೆಯ ಆಳುಗಳ ಹಳೆಯ ಕಟ್ಟುಪಾಡು, ಯಜಮಾನಿಕೆ, ಊರೊಟ್ಟಿನ ಲೆಕ್ಕ ಹೆಚ್ಚುಕಡಿಮೆ ಹಾಗೇ ಉಳಿದವು. ನೀರು ಕಾಣದ ಊರಿನವರು ಹಿಟ್ಟಿನ ಗಿರಣಿ ಹಾಕಿದರು, ದನದ ವ್ಯಾಪಾರಕ್ಕೆ ಇಳಿದರು, ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಪಕ್ಕದ ಊರಿನಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟು ಸಡಿಲಗೊಂಡದ್ದು ಅಲ್ಲಿ. 1962ರಲ್ಲಿ ಬಂದ ಆ ಪುಸ್ತಕವನ್ನು ಅಭಿವೃದ್ಧಿಯ ಬಗ್ಗೆ ಓದುವವರು ಇವತ್ತಿಗೂ ಓದುತ್ತಾರೆ.

ಪದವಿ ತರಗತಿಯ ಹುಡುಗನಿಗೆ ಇದನ್ನು ಹೇಳಿದರೆ ಅವನು ನಾಗಮಂಗಲವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆಬಯಲು ಒಂದು ಕಡೆ, ರಾಗಿ ಹುರುಳಿ ತೆಂಗಿನ ನಮ್ಮ ಮೇಲ್ನಾಡು ಇನ್ನೊಂದು ಕಡೆ. ನಮ್ಮವರು ಬೆಂಗಳೂರಿಗೆ ಯಾಕೆ ಮೊದಲು ಹೊರಟರು? ಕೆ.ಆರ್. ಪೇಟೆಯವರು ಮುಂಬೈಯಲ್ಲಿ ಇಷ್ಟೊಂದು ಜನ ಹೇಗೆ ನೆಲೆಯೂರಿದರು? 2020ರ ಬೇಸಿಗೆಯಲ್ಲಿ ಕೊರೊನಾ ಬಂದು ಅವರು ಊರಿಗೆ ಮರಳಿದಾಗಷ್ಟೇ ಜಿಲ್ಲೆಯ ಉಳಿದವರಿಗೆ ಈ ಸಂಬಂಧದ ಗಾತ್ರ ತಿಳಿಯಿತು. ಶಾಲೆಯಲ್ಲಿ ಕ್ವಾರಂಟೈನ್ ಮಾಡಿಸಿದೆವು, ಪತ್ರಿಕೆಯಲ್ಲಿ ದಿನಾ ಅಂಕಿ ಎಣಿಸಿದೆವು. ಹೋಗಿದ್ದವರು ಯಾರು, ಯಾವ ಮನೆಯವರು, ಅಲ್ಲಿ ಮೊದಲು ಯಾರ ಕೈ ಹಿಡಿದುಕೊಂಡರು, ಮಾರಮ್ಮನ ಹಬ್ಬಕ್ಕೆ ಯಾರು ಚಂದಾ ಕಳಿಸುತ್ತಾರೆ ಎಂದು ಕೂತು ಕೇಳುವುದು ಒಬ್ಬ ಬಿಎ ವಿದ್ಯಾರ್ಥಿಗೆ ಹೇಳಿ ಮಾಡಿಸಿದ ಕೆಲಸ.

ಎಪ್ಸ್ಟೀನ್ 1970ರಲ್ಲಿ ಮತ್ತೆ ಬಂದರು, ಆಮೇಲೂ ಬಂದರು. 1998ರಲ್ಲಿ ಬಂದ ಪುಸ್ತಕದ ಮೇಲೆ ಆಕೆಯ ಜೊತೆ ಸಹಾಯಕರಾಗಿ ದುಡಿದಿದ್ದ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ, ಇಬ್ಬರು ಕನ್ನಡಿಗರ ಹೆಸರೂ ಇದೆ. ದುಭಾಷಿಯಾಗಿ, ಮನೆ ತೋರಿಸುವವನಾಗಿ, ಜನಗಣತಿ ಬರೆಯುವವನಾಗಿ ದುಡಿದವನ ಹೆಸರು ಮುನ್ನುಡಿಯ ಕೃತಜ್ಞತೆಯಿಂದ ರಕ್ಷಾಪುಟಕ್ಕೆ ಬರಲು ನಲವತ್ತು ವರ್ಷ ಹಿಡಿಯಿತು. ಎಪ್ಸ್ಟೀನ್ ದೊಡ್ಡ ಮನಸ್ಸಿನವರಾದ್ದರಿಂದ ಅಷ್ಟಾದರೂ ಆಯಿತು.

ಹೊರಗಿನವರೇ ಬಂದು ನಮ್ಮನ್ನು ಬರೆದರು ಎಂದು ಕೊರಗುವ ಹಾಗೂ ಇಲ್ಲ. ಇದೇ ನಾಗಮಂಗಲ ತಾಲ್ಲೂಕು ಎರಡು ದೊಡ್ಡ ಜೀವಗಳನ್ನು ಕೊಟ್ಟಿದೆ. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಕಲೆಕ್ಟರಿಕೆ ಮಾಡುತ್ತ ಹಾಡು ಸಂಗ್ರಹಿಸಿದರು, 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕ ನಿಲ್ಲಿಸಿದರು. ಅಂಬಲಜೀರಹಳ್ಳಿಯ ಜೀಶಂಪ, ಅಂದರೆ ಜೀ.ಶಂ. ಪರಮಶಿವಯ್ಯನವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದವನ್ನು ಒಂದು ಓದಿನ ವಿಷಯವಾಗಿ ಬೆಳೆಸಿದವರಲ್ಲಿ ಮುಂಚೂಣಿಯವರು. ನೀಲಗಾರರು, ತಂಬೂರಿಯವರು, ಕಿನ್ನರಿ ಜೋಗಿಗಳು ಇವರೆಲ್ಲರ ಕಾವ್ಯ ನಮಗೆ ಉಳಿದದ್ದು ಅಂಥವರ ದೆಸೆಯಿಂದ. ಈ ಕ್ಷೇತ್ರದಲ್ಲೂ ಜಾನಪದ ಕಲಾಮೇಳ ನಡೆದುಕೊಂಡು ಬಂದಿದೆ. ನಾಥಪಂಥದ ಈ ಬೆಟ್ಟಕ್ಕೂ ಜೋಗಿಗಳಿಗೂ ಇರುವ ನಂಟು ಹಳೆಯದು.

ಒಂದು ಆಕ್ಷೇಪಣೆಯನ್ನು ಮಾತ್ರ ಪ್ರೀತಿಯಿಂದಲೇ ಹೇಳಬೇಕು. ನಮ್ಮ ಜಾನಪದ ಓದು ಹಾಡನ್ನು ಹಿಡಿಯಿತು, ಹಾಡುವವನನ್ನು ಅರ್ಧ ಹಿಡಿಯಿತು. ಜೋಗಿ ಯಾವ ಮನೆಯ ಬಾಗಿಲಲ್ಲಿ ನಿಂತ, ಯಾರ ಮನೆಯ ಒಳಗೆ ಬಂದ, ಎಷ್ಟು ರಾಗಿ ಹಾಕಿಸಿಕೊಂಡ, ಅವನ ಮಗ ಈಗ ಏನು ಮಾಡುತ್ತಿದ್ದಾನೆ? ಹಾಡಿನ ಪಠ್ಯ ಅಚ್ಚಾಗುವ ಹೊತ್ತಿಗೆ ಈ ಪ್ರಶ್ನೆಗಳು ಬಿಟ್ಟುಹೋದವು. ಮಾನವಶಾಸ್ತ್ರದ ಕೆಲಸ ಅಲ್ಲಿಂದ ಶುರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 2022ರ ನವೆಂಬರ್‌ನಲ್ಲಿ ಇದೇ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧುವರರ ಸಮಾವೇಶ ನಡೆಯಿತು. ನಿಮ್ಮಲ್ಲಿ ಹಲವರು ಬಂದಿದ್ದಿರಿ. ಗಂಡುಗಳ ಕಡೆಯಿಂದ ಹತ್ತು ಸಾವಿರಕ್ಕೂ ಮೀರಿ ಅರ್ಜಿ, ಹೆಣ್ಣುಗಳ ಕಡೆಯಿಂದ ಕೆಲವೇ ನೂರು ಎಂದು ಪತ್ರಿಕೆಗಳು ಬರೆದವು. ಮೂರು ತಿಂಗಳಿಗೆ, 2023ರ ಫೆಬ್ರುವರಿಯಲ್ಲಿ, ಇದೇ ಜಿಲ್ಲೆಯ ಅವಿವಾಹಿತ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಣ್ಣು ಸಿಗಲೆಂದು ಪಾದಯಾತ್ರೆ ಹೋದರು. ದೇಶದ ಟಿವಿಗಳೆಲ್ಲ ಅದನ್ನು ತಮಾಷೆಯಾಗಿ ತೋರಿಸಿದವು. ಅದೇ ವರ್ಷದ ಕೊನೆಗೆ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತು ಎಂದು ಪೊಲೀಸರು ಬಯಲಿಗೆಳೆದಾಗ ತಮಾಷೆ ನಿಂತಿತು.

ಪದವಿ ತರಗತಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಒಕ್ಕಲುತನದ ಮನೆಯ ಗಂಡಿಗೆ ಹೆಣ್ಣು ಯಾಕೆ ಸಿಗುತ್ತಿಲ್ಲ? ಈ ಒಂದನ್ನೇ ಹಿಡಿದುಕೊಂಡು ಮೂರು ವರ್ಷದ ಮಾನವಶಾಸ್ತ್ರವನ್ನೆಲ್ಲ ಕಲಿಸಬಹುದು.

ಮೊದಲ ವರ್ಷ ಬಂಧುತ್ವ. ವಿದ್ಯಾರ್ಥಿಗೆ ಒಂದು ದೊಡ್ಡ ಹಾಳೆ ಕೊಟ್ಟು ಅವನ ಮನೆಯ ವಂಶವೃಕ್ಷ ಬರೆಸಬೇಕು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಗೆರೆ. ಹೀಗೆ ವಂಶಾವಳಿ ಕೇಳಿ ಬರೆದುಕೊಳ್ಳುವ ವಿಧಾನವನ್ನು ನೂರಿಪ್ಪತ್ತು ವರ್ಷದ ಹಿಂದೆ ರೂಪಿಸಿದವರು ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ವೈದ್ಯರು. ಅವರು ನಮ್ಮ ಪಕ್ಕದ ನೀಲಗಿರಿಗೂ ಬಂದು ತೋದವರ ಮನೆಮನೆಯ ವಂಶಾವಳಿ ಬರೆದುಕೊಂಡು ಹೋದರು. ಇಲ್ಲೇ ಬಿ.ಜಿ. ನಗರದ ಮೆಡಿಕಲ್ ಕಾಲೇಜಿನಲ್ಲಿ ರೋಗಿಯ ಮನೆತನದ ಕಾಯಿಲೆ ತಿಳಿಯಲು ಬರೆಯುವುದೂ ಹೆಚ್ಚುಕಡಿಮೆ ಇದೇ ಚಿತ್ರವನ್ನು. ಅವರದರಲ್ಲಿ ಗಂಡು ಚೌಕ, ನಮ್ಮದರಲ್ಲಿ ತ್ರಿಕೋನ, ಅಷ್ಟೇ ವ್ಯತ್ಯಾಸ.

ಬರೆಯಲು ಕೂತ ಹತ್ತು ನಿಮಿಷಕ್ಕೆ ನಮ್ಮ ಮಕ್ಕಳ ಹಾಳೆ ಗೋಜಲಾಗುತ್ತದೆ. ದೊಡ್ಡಪ್ಪನ ಮಗ ಅಣ್ಣ, ಚಿಕ್ಕವ್ವನ ಮಗನೂ ಅಣ್ಣ. ಸೋದರತ್ತೆಯ ಮಗ, ಸೋದರಮಾವನ ಮಗ ಮಾತ್ರ ಭಾವ. ಇದು ಸರಳ. ಅಕ್ಕನ ಮಗಳನ್ನು ತಂದ ಮನೆ ಬಂದಾಗ ಕೈ ನಿಲ್ಲುತ್ತದೆ. ಆ ಹುಡುಗಿಗೆ ಅವಳ ತಾಯಿಯ ತಾಯಿ, ಅಂದರೆ ಅಜ್ಜಿ, ಈಗ ಅತ್ತೆ. ಹೆತ್ತ ತಾಯಿಯೇ ಗಂಡನ ಅಕ್ಕ. ಒಂದೇ ವೃತ್ತಕ್ಕೆ ಎರಡು ಕಡೆಯಿಂದ ಗೆರೆ ಎಳೆಯಬೇಕು, ಎರಡು ತಲೆಮಾರು ಒಂದೇ ಸಾಲಿಗೆ ಇಳಿಯುತ್ತವೆ. ಪೆನ್ಸಿಲಿನಲ್ಲೇ ಬರೆಯಿರಿ ಎಂದು ಅದಕ್ಕೇ ಹೇಳುವುದು. 1871ರಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲ ಜಗತ್ತಿನ ಬಂಧುವಾಚಕಗಳ ಬೃಹತ್ ಗ್ರಂಥ ತಂದಾಗ ಅದರ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಮಾವ, ಅತ್ತೆ, ದೊಡ್ಡಪ್ಪಂದಿರೂ ಕೂತಿದ್ದರು. ಅಮೆರಿಕದ ಮೂಲನಿವಾಸಿ ಸೆನೆಕಾ ಜನರಲ್ಲೂ ಚಿಕ್ಕಪ್ಪನನ್ನು ಅಪ್ಪನ ಸಾಲಿಗೆ ಸೇರಿಸುವುದನ್ನು ಕಂಡು ಆತ ಬೆರಗಾಗಿದ್ದ. ನಮ್ಮ ಹಟ್ಟಿಯ ಲೆಕ್ಕಾಚಾರ ಒಂದು ಶಾಸ್ತ್ರದ ತಳಪಾಯದಲ್ಲಿ ಇದೆ ಎಂಬುದು ನಮಗೇ ಗೊತ್ತಿಲ್ಲ.

ಗೋಜಲು ಬಿಡಿಸುವಾಗ ಮಕ್ಕಳಿಗೆ ತಾವೇ ತಿಳಿಯುತ್ತದೆ: ಅಜ್ಜಿಯ ಕಾಲದಲ್ಲಿ ಹೆಣ್ಣು ಹುಡುಕುವ ಕೆಲಸವೇ ಕಡಿಮೆ ಇತ್ತು. ಹೆಣ್ಣು ಹುಟ್ಟಿದಾಗಲೇ ಸೋದರಮಾವನಿಗೆ ಹಕ್ಕು. ಸಿಗದಿದ್ದರೆ ನಾಲ್ಕು ಊರಿನಾಚೆ ಕೇಳುವುದು. ಕೇಳುವಾಗ ಮೊದಲ ಪ್ರಶ್ನೆ ‘ನಿಮ್ಮ ಮನೆದೇವರು ಯಾವುದು?’ ಒಂದೇ ದೇವರ ಒಕ್ಕಲಾದರೆ ಅಣ್ಣತಮ್ಮಂದಿರು, ಮಾತು ಅಲ್ಲಿಗೆ ಮುಗಿಯಿತು. ಇವತ್ತು ಜೀನು, ವಂಶವಾಹಿ ಎಂದು ವೈದ್ಯರು ಹೇಳಿದ ಮೇಲೆ ಅಕ್ಕನ ಮಗಳ ಮದುವೆ ಹಿಂದೆ ಸರಿದಿದೆ. ಸರಿದದ್ದು ಒಳ್ಳೆಯದೇ. ಆದರೆ ಅದು ಸರಿದಾಗ ಒಕ್ಕಲು ಮನೆಯ ಗಂಡಿಗಿದ್ದ ಒಂದು ಭರವಸೆಯೂ ಸರಿಯಿತು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಎರಡನೆಯ ವರ್ಷ ಹಳೆಯ ಪುಸ್ತಕಗಳು. ಶ್ರೀನಿವಾಸರ 1942ರ ಪುಸ್ತಕದಲ್ಲಿ ಒಕ್ಕಲು ಜಾತಿಗಳಲ್ಲಿ ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುತ್ತಿದ್ದ ಪದ್ಧತಿ ಸಿಗುತ್ತದೆ. ಎಪ್ಸ್ಟೀನ್ ಮರಳಿ ಬಂದು ಬರೆದ 1973ರ ಪುಸ್ತಕಕ್ಕೆ ಬಂದರೆ ಲೆಕ್ಕ ತಿರುಗಿದೆ. ತೆರ ಹೋಗಿ ವರದಕ್ಷಿಣೆ ಬರುತ್ತಿದೆ. ಓದಿದ ಗಂಡು, ಸರ್ಕಾರಿ ಕೆಲಸದ ಗಂಡು, ನಾಲೆಬಯಲಿನ ಗಂಡು, ಅವರಿಗಾಗಿ ಹೆಣ್ಣಿನ ಕಡೆಯವರು ಪೈಪೋಟಿ. ದುಡಿಯುವ ಹೆಣ್ಣಿಗೆ ಬೆಲೆ ಕಟ್ಟುತ್ತಿದ್ದ ಮನೆಗಳಲ್ಲಿ, ಹೆಂಗಸು ಗದ್ದೆಗೆ ಇಳಿಯದಿರುವುದೇ ಅಂತಸ್ತು ಎಂಬ ಮಾತು ಬಂತು. ಒಂದು ತಲೆಮಾರಿನಲ್ಲಿ ಹೆಣ್ಣು ಹೊರೆಯಾದಳು. ಹೊರೆಯಾದವಳನ್ನು ಹುಟ್ಟುವ ಮೊದಲೇ ಕಳೆದುಕೊಳ್ಳುವ ಯಂತ್ರ ಆಮೇಲೆ ಬಂತು. ಈಗ ಗಂಡುಗಳು ಪಾದಯಾತ್ರೆ ಹೊರಟಿದ್ದಾರೆ.

ಮೂರನೆಯ ವರ್ಷ ಕ್ಷೇತ್ರಕಾರ್ಯ. ಪ್ರಶ್ನಾವಳಿ ಹಿಡಿದು ‘ನೀವು ರೈತನನ್ನು ಮದುವೆಯಾಗುವಿರಾ? ಹೌದು, ಇಲ್ಲ’ ಎಂದು ಗುರುತು ಹಾಕಿಸುವುದಕ್ಕೆ ನಾನು ಆ ಹೆಸರು ಕೊಡುವುದಿಲ್ಲ. ಬೆಳಿಗ್ಗೆ ಆರಕ್ಕೆ ನಿಮ್ಮೂರಿನ ಹಾಲಿನ ಡೇರಿ ಮುಂದೆ ಹೋಗಿ ನಿಲ್ಲಿ. ಸ್ಟೀಲ್ ಕ್ಯಾನು ಹಿಡಿದು ಸಾಲಿನಲ್ಲಿ ಯಾರು ಬಂದರು ಬರೆದುಕೊಳ್ಳಿ. ಕಾರ್ಯದರ್ಶಿ ಹಾಲಿನ ಫ್ಯಾಟು ನೋಡಿ ಚೀಟಿ ಕೊಡುತ್ತಾನೆ. ಪಾಸ್‌ಬುಕ್ಕಿನಲ್ಲಿ ಯಾರ ಹೆಸರಿದೆ? ಹಸು ಕಟ್ಟಿದವರು ಯಾರು, ಹುಲ್ಲು ಕೊಯ್ದವರು ಯಾರು, ಸಗಣಿ ಬಾಚಿದವರು, ನಾಲ್ಕೂವರೆಗೆ ಎದ್ದು ಕರೆದವರು ಯಾರು? ಹದಿನೈದು ದಿನಕ್ಕೊಮ್ಮೆ ಬಟವಾಡೆ ಆದಾಗ ದುಡ್ಡು ಯಾರ ಕೈಗೆ? ಮಹಿಳಾ ಸಂಘದ ಡೇರಿಯಾದರೆ ಇದೇ ಪ್ರಶ್ನೆಗಳ ಉತ್ತರ ಹೇಗೆ ಬದಲಾಗುತ್ತದೆ, ಅಥವಾ ಬದಲಾಗುತ್ತದೆಯೇ? ವಾರವಿಡೀ ಇದನ್ನೇ ನೋಡಿದ ಮೇಲೆ ಅಲ್ಲಿಗೆ ಬಂದ ತಾಯಿಯನ್ನು ಮಗಳ ಮದುವೆ ಬಗ್ಗೆ ಕೇಳಿ. “ನಾನು ಬಾಚಿದ್ದೇ ಸಾಕು, ಅವ್ಳಾದ್ರೂ ಬ್ಯಾಂಕ್ ನೌಕ್ರಿಯವನ್ ಮನೆ ಸೇರ್ಲಿ” ಎಂಬಂಥ ಮಾತು ಬಂದರೆ ನಿಮಗೆ ಆಶ್ಚರ್ಯವಾಗುವುದಿಲ್ಲ, ಯಾಕೆಂದರೆ ಆ ಮಾತಿನ ಹಿಂದಿನ ಬೆಳಗು ನಿಮಗೆ ಗೊತ್ತು. ಅದೇ ತಾಯಿ ಮಗನಿಗೆ ಮಾತ್ರ ಡೇರಿಗೆ ಹಾಲು ಹಾಕುವ ಸೊಸೆಯನ್ನು ಹುಡುಕುತ್ತಿದ್ದಾಳೆ. ಅದನ್ನೂ ಬರೆದುಕೊಳ್ಳಿ. ನಗಬೇಡಿ.

ಆ ವಧುವರರ ಸಮಾವೇಶಕ್ಕೆ ಅರ್ಜಿ ಹಾಕದ ಹುಡುಗಿಯರ ಬಳಿ ಯಾರೂ ಕೂತು ಮಾತಾಡಿದ್ದು ನನಗೆ ಕ್ಯಾಮರಾಗಳಲ್ಲಿ ಕಾಣಲಿಲ್ಲ. ಗಂಡುಗಳ ಅಳಲನ್ನು ಎಲ್ಲರೂ ಕೇಳಿದರು. ಬಂದವರನ್ನು ಎಣಿಸುವುದು ಸುಲಭ, ಬಾರದವರ ಮನೆ ಹುಡುಕಿ ಹೋಗುವುದಕ್ಕೆ ತರಬೇತಿ ಬೇಕು.

ಇನ್ನು ಈ ವೇದಿಕೆಯಲ್ಲಿ ಹೇಳಲು ಕೊಂಚ ಇರಿಸುಮುರಿಸಾಗುವ ಮಾತು. ರಾಂಪುರದ ಅನುಭವದಿಂದ ಶ್ರೀನಿವಾಸ್ 1959ರಲ್ಲಿ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ವಿವರಿಸಿ ಬರೆದರು. ಸಂಖ್ಯೆ, ಭೂಮಿ, ರಾಜಕೀಯ ಬಲ ಇವು ಯಾವ ಜಾತಿಯ ಕೈಯಲ್ಲಿ ಕೂಡಿಕೊಂಡಿವೆಯೋ ಊರು ಅದರ ಮಾತಿನಂತೆ ನಡೆಯುತ್ತದೆ. ಶಾಸ್ತ್ರದಲ್ಲಿ ಯಾರು ಮೇಲೆ ಎನ್ನುವುದು ಬೇರೆ ವಿಚಾರ. ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿರುವ ಈ ಮಾತಿಗೆ ಮೂಲ ನಮ್ಮ ಒಕ್ಕಲಿಗರ ಊರು. ಈ ಸಭೆಯಲ್ಲಿ ಕೂತಿರುವ ಬಹುಪಾಲು ನಾವು ಆ ಪಾಠದ ಒಳಗಿನವರು. ಶ್ರೀನಿವಾಸ್ ತಂಗಿದ್ದದ್ದು ಊರ ಗೌಡರ ಎತ್ತಿನ ಮನೆಯಲ್ಲಿ. ಗೌಡರ ಆಶ್ರಯ ಇದ್ದದ್ದರಿಂದ ಊರೆಲ್ಲ ಬಾಗಿಲು ತೆರೆಯಿತು. ಅದೇ ಕಾರಣಕ್ಕೆ ದಲಿತರ ಕೇರಿಯ ಬಾಗಿಲು ಅಷ್ಟು ಸಲೀಸಾಗಿ ತೆರೆಯಲಿಲ್ಲ. ತಾನು ಕಂಡದ್ದು ಮೇಲ್ಜಾತಿಯ ಕಣ್ಣಿಗೆ ಕಂಡ ಊರು ಎಂದು ಅವರೇ ಬರೆದುಕೊಂಡಿದ್ದಾರೆ. ಬೆಂಕಿಯ ಕಥೆಗಿಂತ ಮುಖ್ಯವಾದದ್ದು ಕೊನೆಗೆ ಬರುತ್ತದೆ ಎಂದದ್ದು ಇದನ್ನೇ. ಟಿಪ್ಪಣಿ ಸುಟ್ಟರೆ ನೆನಪಿನಿಂದ ಬರೆಯಬಹುದು. ಹೋಗಿ ಕೂರದ ಜಗುಲಿಯ ಮಾತನ್ನು ಯಾವ ನೆನಪಿನಿಂದ ತರುವುದು?

ಆದ್ದರಿಂದ ಒಕ್ಕಲಿಗರ ಮನೆಯ ಹುಡುಗ ಗೌಡರ ಪಡಸಾಲೆಯಲ್ಲಿ ಕೂತು ಬರೆದ ಪ್ರಬಂಧಕ್ಕೆ ನಾನಾದರೆ ಅರ್ಧ ಅಂಕ ಕೊಡುತ್ತೇನೆ. ಕೇರಿಯಲ್ಲಿ ನೀರು ಕುಡಿದು, ಅಲ್ಲಿಯ ಹಿರಿಯ ಹೇಳಿದ ಊರಿನ ಚರಿತ್ರೆಯನ್ನು ಬರೆದುಕೊಂಡು ಬಂದು, ಎರಡನ್ನೂ ಪಕ್ಕಪಕ್ಕ ಇಟ್ಟರೆ ಉಳಿದರ್ಧ. ಮೇಲುಕೋಟೆಯ ತಿರುಕುಲದವರ, ಅಂದರೆ ಅಲ್ಲಿಯ ದೇವಾಲಯಕ್ಕೆ ಪ್ರವೇಶ ಪಡೆದ ದಲಿತರ, ಕಥೆಯನ್ನು ಎಲ್ಲರೂ ರಾಮಾನುಜರ ಔದಾರ್ಯದ ಕಥೆಯಾಗಿ ಹೇಳುತ್ತಾರೆ. ತಿರುಕುಲದವರ ಮನೆಯಲ್ಲಿ ಅದನ್ನು ಹೇಗೆ ಹೇಳಿಕೊಳ್ಳುತ್ತಾರೆ ಎಂದು ಕೇಳಿಸಿಕೊಂಡ ವಿದ್ಯಾರ್ಥಿ ಎಲ್ಲಿದ್ದಾನೆ? ಕೇರಿಯ ಹುಡುಗಿ ಈ ಕೋರ್ಸಿಗೆ ಸೇರಿದರೆ ಅವಳನ್ನು ಮತ್ತೆ ಕೇರಿಗೇ ಕಳಿಸಬೇಡಿ. ಅವಳು ಗೌಡರ ಪಡಸಾಲೆಗೆ ಹೋಗಲಿ, ಸಹಕಾರ ಸಂಘದ ಕಚೇರಿಗೆ ಹೋಗಲಿ, ಮಠಕ್ಕೆ ಬಂದು ಪ್ರಶ್ನೆ ಕೇಳಲಿ. ಪೂಜ್ಯರು ಉತ್ತರ ಕೊಡುತ್ತಾರೆ ಎಂಬ ನಂಬಿಕೆ ನನಗಿದೆ.

ನಮ್ಮಲ್ಲಿ ಕ್ಷೇತ್ರಕಾರ್ಯ ಎಂದಕೂಡಲೇ ಬಸ್ಸು ಮಾಡಿಕೊಂಡು ನಾಗರಹೊಳೆಯ ಹಾಡಿಗೆ ಹೋಗಿ ಜೇನುಕುರುಬರನ್ನು ನೋಡಿ ಬರುವ ಚಾಳಿ ಇದೆ. ಒಂದು ಮಧ್ಯಾಹ್ನ, ಐವತ್ತು ಮಕ್ಕಳು, ಒಂದು ಗುಂಪು ಫೋಟೊ. ಜೇನುಕುರುಬರು ಮತ್ತು ಕೊರಗರು ನಮ್ಮ ರಾಜ್ಯದಲ್ಲಿ ಸರ್ಕಾರವೇ ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ಬುಡಕಟ್ಟುಗಳು. ಕಾಡಿನಿಂದ ಹೊರಹಾಕಿಸಿಕೊಂಡ ಜನರ ಗುಡಿಸಲಿನ ಮುಂದೆ ಪ್ರಶ್ನಾವಳಿ ಹಿಡಿದು ನಿಲ್ಲುವುದು ಅವರಿಗೆ ಇನ್ನೊಂದು ಉಪದ್ರವ. ಈ ಶಾಸ್ತ್ರಕ್ಕೆ ಆ ಹಳೆಯ ಪಾಪ ಇದ್ದೇ ಇದೆ. ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಮೂಗು ಅಳೆದು ಜಾತಿಯ ಮೇಲುಕೀಳು ಹೇಳಲು ಹೊರಟ. ಮದರಾಸಿನ ಮ್ಯೂಸಿಯಮ್ಮಿನ ಮುಖ್ಯಸ್ಥ ಥರ್ಸ್ಟನ್ ಅಲ್ಲಿಗೆ ಬಂದವರ ತಲೆ ಅಳೆದ. ನಮ್ಮ ಮಾವ ಅತ್ತೆಯರು ಮಾರ್ಗನ್ನನ ಗ್ರಂಥದಲ್ಲಿ ಅಚ್ಚಾದ 1871ರಲ್ಲೇ ಇಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾನೂನು ಬಂತು. 1985ರಲ್ಲಿ ಶುರುವಾದ ‘ಪೀಪಲ್ ಆಫ್ ಇಂಡಿಯಾ’ ಯೋಜನೆ ದೇಶದ 4,635 ಸಮುದಾಯಗಳನ್ನು ದಾಖಲಿಸಿದ್ದು ದೊಡ್ಡ ಕೆಲಸವೇ. ಆದರೆ ಪಟ್ಟಿಯೊಳಗೆ ಹೆಸರು ಬಂದವರಿಗೆ ಆ ಸಂಪುಟ ಓದಲು ಸಿಕ್ಕಿತೇ ಎಂದು ಕೇಳುವ ಮೇಷ್ಟ್ರು ಬೇಕು.

ಕಡೆಗೆ ಪಠ್ಯಕ್ರಮ ಸಮಿತಿ ಎಂದಾದರೂ ಕೂತರೆ ಅವರಿಗೊಂದು ಅರ್ಜಿ. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿ ಹೇಳಿಕೊಡಲು ಆಗುವುದಿಲ್ಲ ಎಂಬ ನೆಪ ಹೇಳಬೇಡಿ. ಹೇಳಿಕೊಡುತ್ತ ಹೋದರೆ ಪುಸ್ತಕ ಬರುತ್ತದೆ. ಮೂರನೆಯ ವರ್ಷದ ಪ್ರಬಂಧದ ಒಂದು ಪ್ರತಿ ಕಾಲೇಜಿಗೆ, ಇನ್ನೊಂದು ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಡ್ಡಾಯವಾಗಿ ಹೋಗಲಿ. ಹೆಸರು ಬದಲಿಸಿ ಬರೆದರೂ ಊರಿನವರಿಗೆ ಯಾರು ಯಾರೆಂದು ಗೊತ್ತಾಗುತ್ತದೆ, ಆದ್ದರಿಂದ ಏನು ಬರೆಯಬೇಕು, ಏನನ್ನು ಬಿಡಬೇಕು ಎಂಬ ಎಚ್ಚರ ಮೊದಲ ದಿನದಿಂದಲೇ ಬರುತ್ತದೆ. ಓದಿದ ಮೇಲೆ ಊರಿನವರು ವಿದ್ಯಾರ್ಥಿಯನ್ನು ಕೂರಿಸಿಕೊಂಡು ‘ಇದು ಸರಿ, ಇದು ಸುಳ್ಳು, ಇದನ್ನು ನೀನು ಯಾಕೆ ಕೇಳಲಿಲ್ಲ’ ಎನ್ನಲಿ. ಪರೀಕ್ಷಕರೂ ಆ ದಿನ ಅಲ್ಲೇ ಹಿಂದೆ ಚಾಪೆಯ ಮೇಲೆ ಕೂತಿರಲಿ. ನೂರರಲ್ಲಿ ಮೂವತ್ತು ಅಂಕ ಆ ಸಂಜೆಗೆ ಮೀಸಲಿಡಿ. ನಿಯಮದಲ್ಲಿ ಅವಕಾಶ ಇಲ್ಲ ಎಂದು ಕುಲಸಚಿವರು ಹೇಳುತ್ತಾರೆ, ನನಗೆ ಗೊತ್ತು. ಆ ಸಭೆಗೆ ನನ್ನನ್ನೂ ಕರೆಯಿರಿ, ನಾನು ಬಂದು ವಾದ ಮಾಡುತ್ತೇನೆ.